ಎಲ್ಲರ ಕೈಗೂ ಅದೇ ಎಲೆ: ಇಸ್ಪೀಟಿನ ಪಂದ್ಯಾವಳಿ ರೂಪುಗೊಂಡ ಬಗೆ

ಮದುವೆ ಮನೆಯ ಜಗಲಿಯಾಗಲಿ, ರಾತ್ರಿ ರೈಲಾಗಲಿ, ಊರಿನ ಕ್ಲಬ್ಬಾಗಲಿ, ಇಸ್ಪೀಟು ಎಲ್ಲಿ ನಡೆದರೂ ಆಟ ಮುಗಿದ ಮೇಲೆ ಕೇಳಿಬರುವ ಮಾತು ಒಂದೇ: ‘ನನಗೆ ಎಲೆಯೇ ಬೀಳಲಿಲ್ಲ.’ ಸೋತವನು ತನ್ನ ಆಟವನ್ನು ದೂರುವುದಿಲ್ಲ, ಎಲೆಯನ್ನು ದೂರುತ್ತಾನೆ. ಗೆದ್ದವನ ಬಗ್ಗೆಯೂ ‘ಅವನ ಕೈ ಚೆನ್ನಾಗಿತ್ತು’ ಎನ್ನುವವರೇ ಹೆಚ್ಚು, ‘ಚೆನ್ನಾಗಿ ಆಡಿದ’ ಎನ್ನುವವರು ಕಡಿಮೆ.

ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. 52 ಎಲೆಗಳನ್ನು ನಾಲ್ವರಿಗೆ ತಲಾ 13ರಂತೆ ಹಂಚುವ ವಿಧಾನಗಳನ್ನು ಲೆಕ್ಕ ಹಾಕಿದರೆ 29 ಅಂಕಿಗಳ ಒಂದು ಸಂಖ್ಯೆ ಬರುತ್ತದೆ. ಅಷ್ಟು ಸಾಧ್ಯತೆಗಳಲ್ಲಿ ಯಾವುದೋ ಒಂದು ನಮ್ಮ ಪಾಲಿಗೆ ಬರುತ್ತದೆ. ಒಬ್ಬನಿಗೆ ಎಕ್ಕ, ರಾಜ, ರಾಣಿಯರ ದರ್ಬಾರು. ಇನ್ನೊಬ್ಬನಿಗೆ ಎರಡು, ಮೂರು, ನಾಲ್ಕರ ಸಂತೆ. ಹೀಗಿರುವಾಗ ಇಸ್ಪೀಟಿನಲ್ಲಿ ರಾಜ್ಯ ಮಟ್ಟದ, ರಾಷ್ಟ್ರ ಮಟ್ಟದ, ವಿಶ್ವ ಮಟ್ಟದ ‘ಚಾಂಪಿಯನ್’ ಎಂದು ಒಬ್ಬರನ್ನು ಕರೆಯುವುದಾದರೂ ಹೇಗೆ?

2018ರ ಸೆಪ್ಟೆಂಬರ್ 1ರಂದು ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಪಶ್ಚಿಮ ಬಂಗಾಳದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಬ್ರಿಜ್ ಆಟದ ಪುರುಷರ ಜೋಡಿ ವಿಭಾಗದಲ್ಲಿ ಚಿನ್ನದ ಪದಕ ಗೆದ್ದಾಗ ದೇಶದ ಅನೇಕರು ಕೇಳಿದ ಪ್ರಶ್ನೆಯೂ ಇದೇ. ಒಬ್ಬರಿಗೆ 60 ವರ್ಷ, ಮತ್ತೊಬ್ಬರಿಗೆ 56. ಇಸ್ಪೀಟಿಗೆ ಚಿನ್ನವೇ ಎಂದು ಹುಬ್ಬೇರಿಸಿದವರಿದ್ದರು. ಆದರೆ ಆ ಪದಕದ ಹಿಂದೆ ಸುಮಾರು 160 ವರ್ಷಗಳ ಒಂದು ಪ್ರಯತ್ನವಿದೆ. ಆಟದಿಂದ ಮೊದಲು ಅದೃಷ್ಟವನ್ನು, ಆಮೇಲೆ ಅನುಮಾನವನ್ನು ಹೊರಗಟ್ಟುವ ಪ್ರಯತ್ನ ಅದು.

ಲಂಡನ್ನಿನ ಎರಡು ಕೋಣೆಗಳು

ಬ್ರಿಜ್ ಹುಟ್ಟುವ ಮೊದಲು ಅದರ ಹಿರಿಯಣ್ಣನಂತಿದ್ದ ಆಟ ವಿಸ್ಟ್. ನಾಲ್ವರ ಆಟ, ಎದುರುಬದುರು ಕುಳಿತವರು ಜೊತೆಗಾರರು. ಹಂಚುವವನ ಕೊನೆಯ ಎಲೆ ತಿರುಗಿಸಿದರೆ ಅದೇ ತುರುಪು. ಕೂಗುವ ಪದ್ಧತಿ ಇರಲಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದರ ಹುಚ್ಚು ಎಷ್ಟಿತ್ತೆಂದರೆ, ಎಡ್ಮಂಡ್ ಹಾಯ್ಲ್ ಎಂಬಾತ 1742ರಲ್ಲಿ ಈ ಆಟದ ಬಗ್ಗೆಯೇ ಒಂದು ಪುಸ್ತಕ ಬರೆದು ಪ್ರಸಿದ್ಧನಾದ.

ವಿಸ್ಟ್ ಕೌಶಲದ ಆಟವೋ, ಅದೃಷ್ಟದ ಆಟವೋ ಎಂಬ ಚರ್ಚೆ ಕ್ಲಬ್ಬುಗಳಲ್ಲಿ ಸದಾ ನಡೆಯುತ್ತಿತ್ತು. ‘ಕ್ಯಾವೆಂಡಿಶ್’ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದ ಹೆನ್ರಿ ಜೋನ್ಸ್ ಮತ್ತು ಆತನ ಗೆಳೆಯರು 1857ರಲ್ಲಿ ಲಂಡನ್ನಿನಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಲು ನಿರ್ಧರಿಸಿದರು. ಎಂಟು ಜನರನ್ನು ಸೇರಿಸಿದರು: ನಾಲ್ವರು ಪಳಗಿದ ಆಟಗಾರರು, ನಾಲ್ವರು ಸಾಧಾರಣ ಆಟಗಾರರು. ಒಂದು ಕೋಣೆಯಲ್ಲಿ ಒಂದು ಪಳಗಿದ ಜೋಡಿ ಒಂದು ಸಾಧಾರಣ ಜೋಡಿಯ ವಿರುದ್ಧ ಆಡಿತು. ಅಲ್ಲಿ ಹಂಚಿದ ಎಲೆಗಳನ್ನೇ ಇನ್ನೊಂದು ಕೋಣೆಗೆ ಒಯ್ದರು. ಆದರೆ ಅಲ್ಲಿ ಕುಳಿತುಕೊಳ್ಳುವ ಕ್ರಮ ಅದಲುಬದಲು. ಮೊದಲ ಕೋಣೆಯಲ್ಲಿ ಪಳಗಿದವರು ಹಿಡಿದಿದ್ದ ಎಲೆ ಎರಡನೆಯ ಕೋಣೆಯಲ್ಲಿ ಸಾಧಾರಣರ ಕೈಗೆ ಬಂತು. ಕೊನೆಗೆ ಎರಡೂ ಕೋಣೆಗಳ ಲೆಕ್ಕ ಕೂಡಿಸಿದಾಗ ಪಳಗಿದವರೇ ಮುಂದಿದ್ದರು.

ಮೇಲ್ನೋಟಕ್ಕೆ ಚಿಕ್ಕ ಉಪಾಯ. ಆದರೆ ಇಸ್ಪೀಟಿನ ಇತಿಹಾಸದಲ್ಲಿ ದೊಡ್ಡ ತಿರುವು. ಹಂಚಿಕೆಯಲ್ಲಿರುವ ಅದೃಷ್ಟವನ್ನು ಯಾರೂ ತೆಗೆದುಹಾಕಲಾರರು. ಆದರೆ ಆ ಅದೃಷ್ಟವನ್ನು ಎಲ್ಲರಿಗೂ ಸಮನಾಗಿ ಹಂಚಬಹುದು. ಎಲ್ಲರಿಗೂ ಸಮನಾಗಿ ಬಂದದ್ದರಿಂದ ಯಾರಿಗೂ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆಮೇಲೆ ಉಳಿಯುವುದು ಆಟವೊಂದೇ. ಈ ಪದ್ಧತಿಗೆ ‘ಡೂಪ್ಲಿಕೇಟ್’ ಎಂದು ಹೆಸರಾಯಿತು. ನಮ್ಮ ಪೇಟೆಗಳಲ್ಲಿ ಡೂಪ್ಲಿಕೇಟ್ ಎಂದರೆ ಖೋಟಾ ಮಾಲು. ಇಸ್ಪೀಟಿನ ಲೋಕದಲ್ಲಿ ಮಾತ್ರ ಅದು ನ್ಯಾಯದ ಹೆಸರು.

ಎಲೆ ಹೊತ್ತ ತಟ್ಟೆ

ಉಪಾಯ ಇಂಗ್ಲೆಂಡಿನದಾದರೂ ಅದನ್ನು ಪಂದ್ಯಾವಳಿಯಾಗಿ ಬೆಳೆಸಿದವರು ಅಮೆರಿಕನ್ನರು. 1891ರಲ್ಲಿ ಮಿಲ್ವಾಕಿ ನಗರದಲ್ಲಿ ಅಮೆರಿಕನ್ ವಿಸ್ಟ್ ಲೀಗ್ ಸ್ಥಾಪನೆಯಾಯಿತು. ಅದೇ ಕಾಲಕ್ಕೆ ಒಂದು ಸರಳ ಸಾಧನವೂ ಬಂತು. ನಾಲ್ಕು ದಿಕ್ಕುಗಳಿಗೆ ನಾಲ್ಕು ಗೂಡುಗಳಿರುವ ತಟ್ಟೆ ಅದು. ಇಂದು ಅದನ್ನು ‘ಬೋರ್ಡು’ ಎನ್ನುತ್ತಾರೆ.

ನಮ್ಮ ಆಟದಲ್ಲಿ ಪಟ್ಟು ಗೆದ್ದವನು ನಾಲ್ಕೂ ಎಲೆಗಳನ್ನು ಬಾಚಿಕೊಂಡು ತನ್ನ ಮುಂದೆ ರಾಶಿ ಹಾಕುತ್ತಾನೆ. ಡೂಪ್ಲಿಕೇಟ್ ಆಟದಲ್ಲಿ ಹಾಗೆ ಮಾಡುವಂತಿಲ್ಲ. ಪ್ರತಿಯೊಬ್ಬನೂ ತನ್ನ ಎಲೆಯನ್ನು ತನ್ನ ಮುಂದೆಯೇ ಕವುಚಿ ಇಟ್ಟುಕೊಳ್ಳಬೇಕು. ಪಟ್ಟು ಗೆದ್ದಿದ್ದರೆ ಎಲೆಯನ್ನು ಉದ್ದಕ್ಕೆ, ಸೋತಿದ್ದರೆ ಅಡ್ಡಕ್ಕೆ. ಹದಿಮೂರು ಪಟ್ಟು ಮುಗಿದಾಗ ಲೆಕ್ಕ ಕಣ್ಣೆದುರಿಗೇ ಇರುತ್ತದೆ. ಆಮೇಲೆ ಅವೇ ಹದಿಮೂರು ಎಲೆಗಳು ಬೋರ್ಡಿನ ಗೂಡಿಗೆ ಹಿಂತಿರುಗುತ್ತವೆ. ಬೋರ್ಡು ಮುಂದಿನ ಮೇಜಿಗೆ ಹೋಗುತ್ತದೆ. ಅಲ್ಲಿ ಕುಳಿತವರು ಅದೇ ಎಲೆ ತೆಗೆದು ಅದೇ ಆಟವನ್ನು ಹೊಸದಾಗಿ ಆಡುತ್ತಾರೆ.

ಮೇಜುಗಳು ಎರಡಿದ್ದರೆ ಇದು ಸುಲಭ. ಇಪ್ಪತ್ತು ಮೇಜುಗಳಿದ್ದರೆ ಯಾರು ಎಲ್ಲಿ ಕೂರಬೇಕು, ಯಾವ ಬೋರ್ಡು ಎತ್ತ ಹೋಗಬೇಕು? ಒಮ್ಮೆ ಆಡಿದ ಬೋರ್ಡು ಅದೇ ಜೋಡಿಯ ಮುಂದೆ ಮತ್ತೆ ಬರಬಾರದಲ್ಲ. ಈ ಒಗಟನ್ನು ಬಿಡಿಸಿದವರಲ್ಲಿ ಇಬ್ಬರ ಹೆಸರು ಇಂದಿಗೂ ಉಳಿದಿದೆ.

ಮೊದಲನೆಯವನು ಷಿಕಾಗೊದ ಜಾನ್ ಮಿಚೆಲ್. ಆತನ ಪದ್ಧತಿಯಲ್ಲಿ ಉತ್ತರ-ದಕ್ಷಿಣ ಜೋಡಿಗಳು ಕುಳಿತಲ್ಲೇ ಇರುತ್ತವೆ. ಒಂದು ಸುತ್ತು ಮುಗಿದ ಕೂಡಲೇ ಪೂರ್ವ-ಪಶ್ಚಿಮ ಜೋಡಿಗಳು ಎದ್ದು ಮುಂದಿನ ಮೇಜಿಗೆ ಹೋಗುತ್ತವೆ. ಬೋರ್ಡುಗಳು ಹಿಂದಿನ ಮೇಜಿಗೆ ಸರಿಯುತ್ತವೆ. ಒಂಬತ್ತು ಮೇಜು, ಮೇಜಿಗೆ ಮೂರು ಬೋರ್ಡು ಎಂದಿಟ್ಟುಕೊಳ್ಳಿ. ಒಂಬತ್ತು ಸುತ್ತು ಮುಗಿಯುವ ಹೊತ್ತಿಗೆ ಪ್ರತಿ ಜೋಡಿಯೂ 27 ಬೋರ್ಡುಗಳನ್ನು ಆಡಿರುತ್ತದೆ, ಎದುರು ದಿಕ್ಕಿನ ಒಂಬತ್ತೂ ಜೋಡಿಗಳನ್ನು ಒಮ್ಮೊಮ್ಮೆ ಎದುರಿಸಿರುತ್ತದೆ. ಮೇಜುಗಳ ಸಂಖ್ಯೆ ಸಮವಾಗಿದ್ದರೆ ಮಾತ್ರ ತೊಡಕು. ಅರ್ಧ ದಾರಿಯಲ್ಲಿ ಹಳೆಯ ಬೋರ್ಡು ಮತ್ತೆ ಎದುರಾಗುತ್ತದೆ. ಅದಕ್ಕೂ ಪರಿಹಾರವುಂಟು: ಅರ್ಧ ಸುತ್ತುಗಳಾದ ಮೇಲೆ ಪೂರ್ವ-ಪಶ್ಚಿಮದವರು ಒಂದು ಮೇಜು ಹಾರಿ ಕೂರುತ್ತಾರೆ.

ಎರಡನೆಯವನು ಎಡ್ವಿನ್ ಹೋವೆಲ್. ಮಿಚೆಲ್ ಪದ್ಧತಿಯಲ್ಲಿ ಒಂದೇ ದಿಕ್ಕಿನ ಜೋಡಿಗಳು ಪರಸ್ಪರ ಎದುರಾಗುವುದೇ ಇಲ್ಲ. ಹೀಗಾಗಿ ಉತ್ತರ-ದಕ್ಷಿಣಕ್ಕೊಬ್ಬ, ಪೂರ್ವ-ಪಶ್ಚಿಮಕ್ಕೊಬ್ಬ ವಿಜೇತ. ಹೋವೆಲ್ ಪದ್ಧತಿಯಲ್ಲಿ ಬಹುತೇಕ ಎಲ್ಲ ಜೋಡಿಗಳೂ ಜಾಗ, ದಿಕ್ಕು ಎರಡನ್ನೂ ಬದಲಿಸುತ್ತಾ ಹೋಗುತ್ತವೆ. ಮೇಜಿನ ಮೇಲಿರುವ ಚೀಟಿ ಮುಂದಿನ ಜಾಗ ಯಾವುದೆಂದು ತಿಳಿಸುತ್ತದೆ. ಎಲ್ಲರೂ ಎಲ್ಲರನ್ನೂ ಎದುರಿಸುವುದರಿಂದ ವಿಜೇತ ಜೋಡಿ ಒಂದೇ. ಕಂಪ್ಯೂಟರಿನ ಕನಸೂ ಇಲ್ಲದ ಕಾಲದಲ್ಲಿ ಕಾಗದ, ಪೆನ್ಸಿಲ್ಲಿನಿಂದ ಹೊಸೆದ ಈ ಲೆಕ್ಕಾಚಾರಗಳೇ ಇಂದಿಗೂ ಕ್ಲಬ್ಬುಗಳ ಪಂದ್ಯಗಳನ್ನು ನಡೆಸುತ್ತಿವೆ.

ಸೋತರೂ ಗೆದ್ದವರು

ವಿಸ್ಟ್ ಹೋಗಿ ಬ್ರಿಜ್ ಬಂತು. ಅಮೆರಿಕದ ಕೋಟ್ಯಧೀಶ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರ ಅಕ್ಟೋಬರ್ ಕೊನೆಯಲ್ಲಿ ‘ಫಿನ್‌ಲ್ಯಾಂಡ್’ ಎಂಬ ಹಡಗಿನಲ್ಲಿ ಪನಾಮಾ ಕಾಲುವೆಯ ಮೂಲಕ ಪ್ರಯಾಣ ಮಾಡುವಾಗ ಹೊಸ ಅಂಕ ಪದ್ಧತಿಯೊಂದನ್ನು ಗೆಳೆಯರೊಡನೆ ಆಡಿ ನೋಡಿದ. ಅದೇ ಇಂದಿನ ಕಾಂಟ್ರ್ಯಾಕ್ಟ್ ಬ್ರಿಜ್. ‘ಇಪ್ಪತ್ತೆಂಟು’ ಆಡಿ ಗೊತ್ತಿರುವ ನಮ್ಮವರಿಗೆ ಇದರ ಬೇರು ಹೊಸದಲ್ಲ: ಎದುರಿಗೆ ಜೊತೆಗಾರ, ಮೊದಲು ಕೂಗು, ಗೆದ್ದ ಕೂಗಿನದೇ ತುರುಪು. ಇಷ್ಟು ಪಟ್ಟು ಗೆಲ್ಲುತ್ತೇವೆಂದು ಕೂಗಿದ್ದನ್ನು ಗೆದ್ದು ತೋರಿಸಬೇಕು. ಕೂಗದೆ ಗೆದ್ದ ಪಟ್ಟಿಗೆ ಬೆಲೆ ಕಡಿಮೆ. ಕೂಗಿ ಸೋತರೆ ದಂಡ.

ಜೋಡಿ ಪಂದ್ಯದಲ್ಲಿ ಅಂಕ ಕೊಡುವ ಬಗೆ ಕುತೂಹಲಕರ. ಒಂದು ಬೋರ್ಡನ್ನು ಐದು ಮೇಜುಗಳಲ್ಲಿ ಆಡಿದ್ದಾರೆ ಎನ್ನೋಣ. ಐದೂ ಕಡೆ ಉತ್ತರ-ದಕ್ಷಿಣದವರಿಗೆ ಒಳ್ಳೆಯ ಎಲೆ. ಒಂದು ಜೋಡಿ ಇಸ್ಪೀಟಿನಲ್ಲಿ ಹತ್ತು ಪಟ್ಟು ಕೂಗಿ ಹನ್ನೊಂದು ಗೆದ್ದು 450 ಅಂಕ ಪಡೆಯಿತು. ಎರಡು ಜೋಡಿಗಳು ಸರಿಯಾಗಿ ಹತ್ತು ಗೆದ್ದು ತಲಾ 420. ನಾಲ್ಕನೆಯ ಜೋಡಿ ಧೈರ್ಯ ಸಾಲದೆ ಕಡಿಮೆ ಕೂಗಿ, ಹತ್ತು ಪಟ್ಟು ಗೆದ್ದರೂ 170ಕ್ಕೆ ತೃಪ್ತಿಪಟ್ಟಿತು. ಐದನೆಯದು ಹತ್ತು ಕೂಗಿ ಒಂಬತ್ತಕ್ಕೆ ನಿಂತು 50 ಕಳೆದುಕೊಂಡಿತು.

ಈಗ ಪ್ರತಿ ಜೋಡಿಯನ್ನೂ ಅದೇ ದಿಕ್ಕಿನ ಉಳಿದ ನಾಲ್ಕು ಜೋಡಿಗಳ ಜೊತೆ ಹೋಲಿಸುತ್ತಾರೆ. ತನಗಿಂತ ಹಿಂದಿರುವ ಪ್ರತಿ ಜೋಡಿಗೆ ಎರಡು ಅಂಕ, ಸಮನಾಗಿರುವ ಜೋಡಿಗೆ ಒಂದು. ಅದರಂತೆ ಐದು ಜೋಡಿಗಳಿಗೆ ಕ್ರಮವಾಗಿ 8, 5, 5, 2, 0 ದೊರೆಯುತ್ತದೆ. ಬರೀ 30 ಅಂಕದ ಒಂದು ಹೆಚ್ಚುವರಿ ಪಟ್ಟು ಮೊದಲ ಜೋಡಿಯನ್ನು ಐದರಿಂದ ಎಂಟಕ್ಕೇರಿಸಿತು.

ಪೂರ್ವ-ಪಶ್ಚಿಮದವರ ಲೆಕ್ಕ ಇದರ ತಿರುವು. ನಾಲ್ಕನೆಯ ಮೇಜಿನ ಪೂರ್ವ-ಪಶ್ಚಿಮದವರು 170 ಅಂಕ ಕಳೆದುಕೊಂಡರು. ಮನೆಯ ಆಟದಲ್ಲಾದರೆ ಅದು ಸೋಲು. ಇಲ್ಲಿ ಅದೇ ಕೆಟ್ಟ ಎಲೆ ಹಿಡಿದು 420, 450 ಕಳೆದುಕೊಂಡವರ ಮುಂದೆ ಅವರದು ಗೆಲುವು. ಎಂಟಕ್ಕೆ ಆರು ಅಂಕ ಅವರ ಪಾಲಿಗೆ. ಕೆಟ್ಟ ಎಲೆ ಬಂದವನೂ ಚಾಂಪಿಯನ್ ಆಗಬಹುದು, ಉಳಿದವರಿಗಿಂತ ಕಡಿಮೆ ಸೋತರೆ ಸಾಕು. ‘ಎಲೆ ಬೀಳಲಿಲ್ಲ’ ಎಂಬ ಹಳೆಯ ನೆಪಕ್ಕೆ ಇಲ್ಲಿ ಜಾಗವಿಲ್ಲ.

ಈ ಪದ್ಧತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. 1931ರ ಡಿಸೆಂಬರಿನಿಂದ 1932ರ ಜನವರಿವರೆಗೆ ನ್ಯೂಯಾರ್ಕಿನಲ್ಲಿ ಎಲಿ ಕಲ್ಬರ್ಟ್‌ಸನ್ ಮತ್ತು ಸಿಡ್ನಿ ಲೆನ್ಜ್ ಬಣಗಳ ನಡುವೆ ಭಾರಿ ಸವಾಲಿನ ಪಂದ್ಯ ನಡೆಯಿತು. ಯಾರ ಕೂಗುವ ಪದ್ಧತಿ ಮೇಲು ಎಂಬುದೇ ವಿವಾದ. 150 ರಬ್ಬರ್‌ಗಳ ಆ ಪಂದ್ಯವನ್ನು ಪತ್ರಿಕೆಗಳು ಯುದ್ಧದಂತೆ ವರದಿ ಮಾಡಿದವು. ಕೊನೆಗೆ ಕಲ್ಬರ್ಟ್‌ಸನ್ 8,980 ಅಂಕಗಳಿಂದ ಗೆದ್ದ. ಆದರೆ ಅದು ಡೂಪ್ಲಿಕೇಟ್ ಪಂದ್ಯವಾಗಿರಲಿಲ್ಲ. ಪ್ರತಿ ಸಲವೂ ಹೊಸದಾಗಿ ಕಲೆಸಿ ಹಂಚಿದ ಎಲೆ, ಒಂದೇ ಮೇಜು. ಗೆದ್ದದ್ದು ಪದ್ಧತಿಯೋ, ಎಲೆಯೋ ಎಂದು ತೋರಿಸಲು ಎರಡನೆಯ ಮೇಜೇ ಅಲ್ಲಿರಲಿಲ್ಲ.

ತಂಡಗಳು, ಸುತ್ತುಗಳು

ದೊಡ್ಡ ಸ್ಪರ್ಧೆಗಳಲ್ಲಿ ಜೋಡಿಗಿಂತ ತಂಡದ ಪಂದ್ಯಕ್ಕೆ ಮಾನ ಹೆಚ್ಚು. ಇದು ಲಂಡನ್ನಿನ ಆ ಎರಡು ಕೋಣೆಗಳ ನೇರ ವಂಶಜ. ಆಡುವ ನಾಲ್ವರಲ್ಲಿ ಒಂದು ಜೋಡಿ ‘ತೆರೆದ ಕೋಣೆ’ಯಲ್ಲಿ ಉತ್ತರ-ದಕ್ಷಿಣವಾಗಿ ಕುಳಿತರೆ, ಇನ್ನೊಂದು ಜೋಡಿ ‘ಮುಚ್ಚಿದ ಕೋಣೆ’ಯಲ್ಲಿ ಪೂರ್ವ-ಪಶ್ಚಿಮವಾಗಿ ಕೂರುತ್ತದೆ. ಎದುರಾಳಿ ತಂಡ ಉಳಿದ ಜಾಗಗಳಲ್ಲಿ. ಪಂದ್ಯ ಮುಗಿಯುವವರೆಗೆ ಒಂದು ಕೋಣೆಯ ಸುದ್ದಿ ಇನ್ನೊಂದಕ್ಕೆ ತಿಳಿಯದು. ನಂತರ ಬೋರ್ಡು ಬೋರ್ಡಿಗೂ ವ್ಯತ್ಯಾಸ ತೆಗೆಯುತ್ತಾರೆ. ಒಂದು ಕಡೆ ನಮ್ಮವರಿಗೆ 420 ಬಂದು, ಇನ್ನೊಂದು ಕಡೆ ಅದೇ ಎಲೆಗೆ ಎದುರಾಳಿಗೆ 170 ಹೋಗಿದ್ದರೆ ನಮಗೆ 250ರ ಲಾಭ. ಒಂದೇ ಬೋರ್ಡು ಇಡೀ ಪಂದ್ಯವನ್ನು ನುಂಗದಿರಲೆಂದು ಈ ವ್ಯತ್ಯಾಸವನ್ನು ಚಿಕ್ಕ ಮಾಪಕಕ್ಕೆ ಇಳಿಸುತ್ತಾರೆ: 250ಕ್ಕೆ 6 ಅಂಕ. ವ್ಯತ್ಯಾಸ ಎಷ್ಟೇ ಸಾವಿರವಾದರೂ 24 ಅಂಕ ಮೀರುವಂತಿಲ್ಲ.

1950ರಲ್ಲಿ ಬರ್ಮುಡಾ ದ್ವೀಪದಲ್ಲಿ ಮೂರೇ ತಂಡಗಳೊಡನೆ ಆರಂಭವಾದ ಬರ್ಮುಡಾ ಬೋಲ್ ಇಂದು ಬ್ರಿಜ್ ತಂಡಗಳ ವಿಶ್ವ ಚಾಂಪಿಯನ್‌ಷಿಪ್. ವಿಶ್ವ ಬ್ರಿಜ್ ಒಕ್ಕೂಟ ಸ್ಥಾಪನೆಯಾದದ್ದು 1958ರಲ್ಲಿ. ಇಟಲಿಯ ‘ನೀಲಿ ತಂಡ’ 1957ರಿಂದ 1969ರವರೆಗೆ ಈ ಬೋಲನ್ನು ಹತ್ತು ಸಲ ಗೆದ್ದುಕೊಂಡಿತು. 2019ರ ವುಹಾನ್ ಸ್ಪರ್ಧೆಯಿಂದ ತಂಡಗಳ ಸಂಖ್ಯೆ 24ಕ್ಕೇರಿತು. ಮೊದಲು ಎಲ್ಲರೂ ಎಲ್ಲರೊಡನೆ ಆಡುವ ಲೀಗ್ ಹಂತ. ಅದರಲ್ಲಿ ಮುಂದಿರುವ ಎಂಟು ತಂಡಗಳು ಕ್ವಾರ್ಟರ್ ಫೈನಲ್‌ಗೆ. ಅಲ್ಲಿಂದ ಸೋತವರು ಮನೆಗೆ.

ತಂಡಗಳು ನೂರಾರಿದ್ದರೆ ಎಲ್ಲರೂ ಎಲ್ಲರೊಡನೆ ಆಡಲು ದಿನಗಳು ಸಾಲವು. ಮೊದಲಿಗೇ ನಾಕೌಟ್ ಇಟ್ಟರೆ ದೂರದಿಂದ ಬಂದವರು ಒಂದೇ ಪಂದ್ಯಕ್ಕೆ ಪೆಟ್ಟಿಗೆ ಕಟ್ಟಬೇಕಾಗುತ್ತದೆ. ಇದಕ್ಕೆ ಚೆಸ್ಸಿನಿಂದ ಬಂದ ಮದ್ದು ‘ಸ್ವಿಸ್’ ಪದ್ಧತಿ. 1895ರಲ್ಲಿ ಜೂರಿಕ್‌ನ ಒಂದು ಚೆಸ್ ಪಂದ್ಯಾವಳಿಯಲ್ಲಿ ಮೊದಲು ಬಳಸಿದ್ದರಿಂದ ಆ ಹೆಸರು. ಇಲ್ಲಿ ಯಾರೂ ಹೊರಬೀಳುವುದಿಲ್ಲ. ಪ್ರತಿ ಸುತ್ತಿನ ನಂತರ ಸಮಾನ ಅಂಕದವರನ್ನು ಸಮಾನರ ಎದುರು ಕೂರಿಸುತ್ತಾರೆ. ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು. ಕೆಲವೇ ಸುತ್ತುಗಳಲ್ಲಿ ಕೆನೆ ಮೇಲಕ್ಕೆ ಬರುತ್ತದೆ.

ಎಲೆ ಹಂಚುವ ಕೆಲಸವೂ ಕ್ರಮೇಣ ಕೈಯಿಂದ ಕಂಪ್ಯೂಟರಿಗೆ ಹೋಯಿತು. ಎಲ್ಲ ಮೇಜುಗಳಿಗೂ ಒಂದೇ ಹಂಚಿಕೆಯ ಬೋರ್ಡುಗಳನ್ನು ಮೊದಲೇ ಸಿದ್ಧಪಡಿಸಲು ಅದರಿಂದ ಅನುಕೂಲವಾಯಿತು. ಆದರೆ ಆರಂಭದಲ್ಲಿ ಕಂಪ್ಯೂಟರ್ ‘ವಿಚಿತ್ರ’ ಎಲೆ ಹಂಚುತ್ತದೆ ಎಂದು ಆಟಗಾರರು ಗೊಣಗಿದರು. ತಪ್ಪು ಯಂತ್ರದ್ದಲ್ಲ, ಕೈಯದು. ಎರಡು ಮೂರು ಸಲ ಕಲೆಸಿದರೆ ಎಲೆಗಳು ಪೂರ್ತಿ ಬೆರೆಯುವುದಿಲ್ಲ. ಒಂದು ಕಟ್ಟು ಚೆನ್ನಾಗಿ ಬೆರೆಯಲು ಸುಮಾರು ಏಳು ಸಲ ಕಲೆಸಬೇಕು ಎಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿಕೊಟ್ಟರು.

ನಡುವೆ ಎದ್ದ ಗೋಡೆ

ಅದೃಷ್ಟ ಹೋದ ಮೇಲೆ ಉಳಿದದ್ದು ಮನುಷ್ಯ. ಬ್ರಿಜ್ ಜೊತೆಗಾರರ ಆಟ. ತನ್ನ ಕೈಯಲ್ಲೇನಿದೆ ಎಂಬುದನ್ನು ಕೂಗಿನ ಮೂಲಕ, ಹಾಕುವ ಎಲೆಯ ಮೂಲಕ ಮಾತ್ರ ಜೊತೆಗಾರನಿಗೆ ತಿಳಿಸಬಹುದು. ಆ ಕೂಗಿನ ಅರ್ಥವೂ ಎದುರಾಳಿಗೆ ಗೊತ್ತಿರಬೇಕು. ಕಣ್ಸನ್ನೆ, ಕೆಮ್ಮು, ಒಂದು ನಿಟ್ಟುಸಿರು ಕೂಡ ವಂಚನೆ.

1965ರಲ್ಲಿ ಬ್ಯೂನಸ್ ಐರಿಸ್‌ನ ಬರ್ಮುಡಾ ಬೋಲ್‌ನಲ್ಲಿ ಬ್ರಿಟನ್ನಿನ ಟೆರೆನ್ಸ್ ರೀಸ್ ಮತ್ತು ಬೋರಿಸ್ ಶಾಪಿರೋ ಮೇಲೆ ಇಂಥ ಆರೋಪ ಬಂತು. ಎಲೆಗಳನ್ನು ಹಿಡಿದ ಬೆರಳುಗಳ ಸಂಖ್ಯೆಯಿಂದ ತಮ್ಮ ಕೈಯಲ್ಲಿ ಎಷ್ಟು ಆಟೀನು ಇದೆ ಎಂದು ತಿಳಿಸುತ್ತಿದ್ದರು ಎಂಬುದು ಆಪಾದನೆ. ವಿಶ್ವ ಒಕ್ಕೂಟ ಅವರನ್ನು ತಪ್ಪಿತಸ್ಥರೆಂದಿತು. ಬ್ರಿಟನ್ನಿನಲ್ಲಿ ಸರ್ ಜಾನ್ ಫಾಸ್ಟರ್ ನೇತೃತ್ವದ ವಿಚಾರಣೆ 1966ರಲ್ಲಿ ಸಂಶಯದ ಲಾಭ ಕೊಟ್ಟು ಅವರನ್ನು ನಿರ್ದೋಷಿಗಳೆಂದಿತು. ಅಂದಿನಿಂದ ಇಂದಿನವರೆಗೆ ಬ್ರಿಜ್ ಲೋಕ ಆ ವಿಷಯದಲ್ಲಿ ಎರಡು ಭಾಗವಾಗಿಯೇ ಉಳಿದಿದೆ.

ಪಾಠ ಮಾತ್ರ ಸ್ಪಷ್ಟವಾಗಿತ್ತು. ಆಟಗಾರನ ಪ್ರಾಮಾಣಿಕತೆಯನ್ನು ಆಮೇಲೆ ವಿಚಾರಿಸುವುದಕ್ಕಿಂತ, ವಂಚನೆಗೆ ದಾರಿಯೇ ಇಲ್ಲದಂತೆ ಮೇಜನ್ನು ಕಟ್ಟುವುದು ಲೇಸು. 1975ರ ಬರ್ಮುಡಾ ಬೋಲ್‌ನಲ್ಲಿ ಮೊದಲ ಬಾರಿಗೆ ಮೇಜಿನ ಮೂಲೆಯಿಂದ ಮೂಲೆಗೆ ಪರದೆ ನಿಲ್ಲಿಸಿದರು. ಜೊತೆಗಾರರು ಒಬ್ಬರಿಗೊಬ್ಬರು ಕಾಣಿಸದಂತಾಯಿತು. ಆದರೆ ಅದೇ ಕೂಟದಲ್ಲಿ ಮೇಜಿನ ಕೆಳಗೆ ಕಾಲಿನಿಂದ ಕಾಲು ತುಳಿದ ಪ್ರಕರಣ ಬಯಲಾಯಿತು! ಪರದೆ ನೆಲದವರೆಗೆ ಇಳಿಯಿತು. ಬಾಯಲ್ಲಿ ಕೂಗಿದರೆ ದನಿಯ ಏರಿಳಿತವೂ ಸನ್ನೆಯಾದೀತೆಂದು ಸ್ವೀಡನ್ನಿನಲ್ಲಿ ಮೂಡಿದ ‘ಕೂಗಿನ ಪೆಟ್ಟಿಗೆ’ಗಳು ಎಲ್ಲೆಡೆ ಬಳಕೆಗೆ ಬಂದವು. ಕೂಗನ್ನು ಅಚ್ಚು ಹಾಕಿದ ಚೀಟಿಯನ್ನು ತಟ್ಟೆಯಲ್ಲಿಟ್ಟು ಪರದೆಯ ಕೆಳಗಿನಿಂದ ಆಚೆಗೆ ತಳ್ಳುತ್ತಾರೆ. ದೊಡ್ಡ ಪಂದ್ಯಗಳ ಕೋಣೆಯಲ್ಲಿ ಇಂದು ಮಾತೇ ಇಲ್ಲ.

ಇಷ್ಟಾದರೂ 2015ರಲ್ಲಿ ಬಿರುಗಾಳಿ ಎದ್ದಿತು. ನಾರ್ವೆಯ ಆಟಗಾರ ಬೋಯ್ ಬ್ರೋಗ್‌ಲೆಂಡ್, ಇಸ್ರೇಲಿನ ಪ್ರಸಿದ್ಧ ಜೋಡಿಯೊಂದು ಮೋಸ ಮಾಡುತ್ತಿದೆ ಎಂದು ಬಹಿರಂಗವಾಗಿ ಆರೋಪಿಸಿದರು. ಆ ಜೋಡಿ ಹಿಂದೆ ಅವರದೇ ತಂಡದಲ್ಲಿ ಆಡಿ ಪ್ರಶಸ್ತಿ ಗೆದ್ದುಕೊಟ್ಟಿತ್ತು. ಹಿಂದಿನ ವರ್ಷದ ಯುರೋಪಿಯನ್ ಚಾಂಪಿಯನ್‌ಷಿಪ್‌ನ ವಿಡಿಯೊಗಳನ್ನು ದೇಶದೇಶಗಳ ಆಟಗಾರರು ಕುಳಿತು ನೋಡಿದರು. ಮೇಜಿನ ಮೇಲೆ ಬೋರ್ಡನ್ನು ಇಡುವ ಜಾಗದಲ್ಲೇ ಗುಟ್ಟಿತ್ತು: ಜೊತೆಗಾರ ಯಾವ ಬಣ್ಣದ ಎಲೆ ಹಾಕಬೇಕು ಎಂಬುದರ ಸೂಚನೆ ಅದು. ನ್ಯಾಯಕ್ಕಾಗಿ ಹುಟ್ಟಿದ ಬೋರ್ಡೇ ಅನ್ಯಾಯದ ಸಾಧನವಾಗಿತ್ತು. 2016ರಲ್ಲಿ ಯುರೋಪಿಯನ್ ಬ್ರಿಜ್ ಲೀಗ್ ಆ ಜೋಡಿಯನ್ನು ನಿಷೇಧಿಸಿತು. ಅದೇ ಗಾಳಿಯಲ್ಲಿ ಸಿಕ್ಕ ಮತ್ತೊಂದು ಜೋಡಿಯ ನಿಷೇಧವನ್ನು ಕ್ರೀಡಾ ನ್ಯಾಯಮಂಡಳಿ 2018ರಲ್ಲಿ ರದ್ದುಪಡಿಸಿತು. ಸಾಕ್ಷ್ಯ ಸಾಲದು ಎಂಬುದು ಕಾರಣ.

ಈ ಬಿರುಗಾಳಿ ಚೆನ್ನೈವರೆಗೂ ಬೀಸಿತು. 2015ರ ಬರ್ಮುಡಾ ಬೋಲ್ ನಡೆದದ್ದು ಅಲ್ಲೇ. ಇಸ್ರೇಲ್, ಜರ್ಮನಿ, ಮೊನಾಕೊ ತಂಡಗಳು ಹಿಂದೆ ಸರಿದವು. ಪೋಲೆಂಡಿನ ಒಂದು ಜೋಡಿಗೆ ಕೊನೆಗಳಿಗೆಯಲ್ಲಿ ಅನುಮತಿ ಸಿಗಲಿಲ್ಲ. ಆರು ಜನರ ಬದಲು ನಾಲ್ವರೇ ದಿನವಿಡೀ ಆಡಿ ಪೋಲೆಂಡ್ ಕೊನೆಗೆ ಬೋಲನ್ನು ಗೆದ್ದುಕೊಂಡಿತು.

ಜೂಜೋ, ಆಟವೋ?

ಇಸ್ಪೀಟು ಎಂದರೆ ಪೊಲೀಸ್ ದಾಳಿಯ ಸುದ್ದಿ ನೆನಪಾಗುವ ನಮ್ಮಲ್ಲಿ ಈ ಇತಿಹಾಸಕ್ಕೆ ಬೇರೊಂದು ಅರ್ಥವೂ ಇದೆ. 1867ರ ಸಾರ್ವಜನಿಕ ಜೂಜು ಕಾಯ್ದೆಯೇ ಬರೀ ಕೌಶಲದ ಆಟಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ, ರಮ್ಮಿ ಮೂರೆಲೆ ಆಟದಂತೆ ಪೂರ್ತಿ ಅದೃಷ್ಟದ ಆಟವಲ್ಲ, ಅದರಲ್ಲಿರುವ ಅದೃಷ್ಟದ ಅಂಶ ಬ್ರಿಜ್‌ನ ಹಂಚಿಕೆಯಲ್ಲಿ ಇರುವಷ್ಟೇ ಎಂದು ಹೇಳಿತು. ಆಡಿಸುವವರು ಪಣದ ಹಣದಿಂದ ಲಾಭ ಮಾಡಿಕೊಂಡರೆ ಮಾತು ಬೇರೆ ಎಂದೂ ಎಚ್ಚರಿಸಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿತು; ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಅದರ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಆನ್‌ಲೈನ್ ಹಣದ ಆಟಗಳನ್ನೆಲ್ಲ ನಿಷೇಧಿಸಿತು.

ಈ ವಾದ-ವಿವಾದಗಳೆಲ್ಲ ಹಣದ ಸುತ್ತ. ಡೂಪ್ಲಿಕೇಟ್ ಬ್ರಿಜ್ ಮೇಜಿನ ಮೇಲೆ ಪಣದ ಹಣವಿಲ್ಲ. ಕೌಶಲ ಎಷ್ಟು, ಅದೃಷ್ಟ ಎಷ್ಟು ಎಂದು ನ್ಯಾಯಾಲಯಗಳು ತೂಗಿ ನೋಡುವ ಪ್ರಶ್ನೆಗೆ ಆ ನಾಲ್ಕು ಗೂಡಿನ ಬೋರ್ಡು ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿದೆ.

ಹಾಗಾದರೆ ಇದು ಕ್ರೀಡೆಯೇ? ಇಂಗ್ಲೆಂಡಿನ ಬ್ರಿಜ್ ಸಂಸ್ಥೆ ಹೂಡಿದ ತೆರಿಗೆ ಮೊಕದ್ದಮೆಯಲ್ಲಿ ಯುರೋಪಿಯನ್ ನ್ಯಾಯಾಲಯ 2017ರ ಅಕ್ಟೋಬರಿನಲ್ಲಿ, ಮೈ ದಣಿಸುವ ಅಂಶ ನಗಣ್ಯವಾದ್ದರಿಂದ ತೆರಿಗೆಯ ಮಟ್ಟಿಗೆ ಬ್ರಿಜ್ ಕ್ರೀಡೆಯಲ್ಲ ಎಂದಿತು. ಮರುವರ್ಷವೇ ಬ್ರಿಜ್ ಮೊದಲ ಬಾರಿಗೆ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಆಟವಾಯಿತು. ಇಂಡೊನೇಷ್ಯದ 78 ವರ್ಷದ ಉದ್ಯಮಿ ಮೈಕೆಲ್ ಹಾರ್ಟೊನೊ ಅಲ್ಲಿ ಕಂಚು ಗೆದ್ದರು. ಭಾರತ ಎರಡು ಕಂಚಿನ ಜೊತೆಗೆ ಆ ಚಿನ್ನವನ್ನೂ ತಂದಿತು. ಹ್ಯಾಂಗ್‌ಝೌ ಕೂಟ 2023ರಲ್ಲಿ ನಡೆದಾಗ ಪುರುಷರ ತಂಡಕ್ಕೆ ಬೆಳ್ಳಿ ಸಿಕ್ಕಿತು.

ಜಕಾರ್ತದಲ್ಲಿ ಬರ್ಧನ್ ಮತ್ತು ಸರ್ಕಾರ್ ಗಳಿಸಿದ ಅಂಕ 384. ಎರಡನೆಯ ಸ್ಥಾನದ ಚೀನಾ ಜೋಡಿಯದು 378. ನಡುವೆ ಆರೇ ಅಂಕ. ಆದರೆ ಆ ಆರು ಅಂಕ ಒಳ್ಳೆಯ ಎಲೆ ಬಿದ್ದುದರಿಂದ ಬಂದದ್ದಲ್ಲ. ಅವರು ಹಿಡಿದ ಎಲೆಗಳನ್ನೇ ಬೇರೆ ಮೇಜುಗಳಲ್ಲಿ ಬೇರೆ ಜೋಡಿಗಳೂ ಹಿಡಿದಿದ್ದವು. ಅದೇ ಎಕ್ಕ, ಅದೇ ರಾಜ, ಅದೇ ಗುಲಾಮ. ಅವುಗಳಿಂದ ಇವರು ಸ್ವಲ್ಪ ಹೆಚ್ಚು ಮಾಡಿದರು, ಅಷ್ಟೆ.

ಬದುಕಿನಲ್ಲಿ ಇಬ್ಬರ ಕೈಗೆ ಒಂದೇ ಎಲೆ ಬೀಳುವುದು ಕಷ್ಟ. ಇಸ್ಪೀಟಿನ ಮೇಜಿನ ಮೇಲೆ ಅದು ಸಾಧ್ಯವಾಗಿದೆ. ಅಲ್ಲಿ ಸೋತವನಿಗೆ ದೂರಲು ಎಲೆಯಿಲ್ಲ. ಗೆದ್ದವನ ಗೆಲುವನ್ನು ಅದೃಷ್ಟವೆಂದು ತಳ್ಳಿಹಾಕುವಂತೆಯೂ ಇಲ್ಲ.